ಮಗ್ಗದ ಊರಿಗೆ ಕೋಟು ಬಂದ ಬಗೆ

ಹುನಗುಂದ ತಾಲ್ಲೂಕಿನ ಕಮತಗಿಯಲ್ಲಿ ಮದುವೆ ಗೊತ್ತಾದರೆ ಹೆಣ್ಣಿನ ಸೀರೆಗೆ ದೂರ ಹೋಗಬೇಕಿಲ್ಲ. ಕೈಮಗ್ಗದ ಸಪ್ಪಳ ಊರೊಳಗೇ ಇದೆ. ಇಳಕಲ್ಲ ಸೀರೆ ಎಂದು ನಾಡೆಲ್ಲ ಕೊಳ್ಳುವ ಸೀರೆಗಳಲ್ಲಿ ಒಂದು ಪಾಲು ಇಲ್ಲಿಯ ನೇಕಾರರ ಕೈಯಿಂದಲೇ ಬಂದದ್ದು. ಕುಬಸದ ಖಣ ಬೇಕೆಂದರೆ ಗುಳೇದಗುಡ್ಡ ಹತ್ತಿರದಲ್ಲೇ ಇದೆ. ಗಂಡಿನ ಬಟ್ಟೆಯ ಮಾತು ಬಂದಾಗ ಮಾತ್ರ ದಾರಿ ಬದಲಾಗುತ್ತದೆ. ಬಾಗಲಕೋಟೆಯಲ್ಲೋ ಇಳಕಲ್ಲಿನಲ್ಲೋ ಅಂಗಡಿಯವರು ಬಿಚ್ಚಿ ಹಾಸುವ ಸೂಟಿಂಗ್ ಥಾನು ಬಹುಮಟ್ಟಿಗೆ ರಾಜಸ್ಥಾನದ ಭಿಲ್ವಾರಾ ಕಡೆಯದ್ದೋ, ಮುಂಬೈ ಸೀಮೆಯ ಗಿರಣಿಯದ್ದೋ ಆಗಿರುತ್ತದೆ. ಮಗ್ಗವನ್ನೇ ನಂಬಿ ಬದುಕಿದ ಊರು ಮದುಮಗಳಿಗೆ ಸೀರೆ ಉಡಿಸುತ್ತಿದೆ, ಮದುಮಗನಿಗೆ ಮಾತ್ರ ಹೊರಗಿನ ಬಟ್ಟೆ ತರುತ್ತಿದೆ. ಈ ಬದಲಾವಣೆಗೆ ನೂರೈವತ್ತು ವರ್ಷಗಳಷ್ಟು ಉದ್ದದ ಚರಿತ್ರೆಯಿದೆ.

ಅದಕ್ಕೂ ಮೊದಲು ಈ ಸೀಮೆಯಲ್ಲಿ ಗಂಡಸರ ಹಬ್ಬದ ಉಡುಗೆಗೆ ಕತ್ತರಿ ತಾಗುತ್ತಿದ್ದದ್ದೇ ಕಡಿಮೆ. ಬಾದಾಮಿಯ ಮೂರನೆಯ ಗುಹೆಯನ್ನು ಚಾಲುಕ್ಯರ ಮಂಗಲೇಶ 578ರಲ್ಲಿ ಕೊರೆಸಿದ. ಅಲ್ಲಿಯ ಗೋಡೆ ಕಂಬಗಳ ಗಂಡು ಮೂರ್ತಿಗಳು ಉಟ್ಟಿರುವುದು ಹೊಲಿಯದ ಬಟ್ಟೆ. ನೆರಿಗೆ, ಗಂಟು, ಸೊಂಟದ ಪಟ್ಟಿಗಳಿಂದಲೇ ಚೆಲುವು. ಮುಂದೆ ಅಂಗಿ, ನಿಲುವಂಗಿಗಳು ಬಂದವು. ಆದರೂ ಉಡುವ ಧೋತರ, ಹೊದೆಯುವ ಶಲ್ಯ, ಸುತ್ತುವ ರುಮಾಲು ಈ ಮೂರೇ ಗಂಡಸಿನ ಮರ್ಯಾದೆಯ ಬಟ್ಟೆಗಳಾಗಿ ಉಳಿದವು. 1884ರಲ್ಲಿ ಮುಂಬೈ ಸರ್ಕಾರ ಹೊರತಂದ ಬಿಜಾಪುರ ಗೆಜೆಟಿಯರ್ ಜಿಲ್ಲೆಯ ಒಂದೊಂದು ಸಮುದಾಯದ ಉಡುಗೆಯನ್ನೂ ಬರೆದಿಟ್ಟಿದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಬಹುಭಾಗ ಆಗ ಬಿಜಾಪುರ ಜಿಲ್ಲೆಯೊಳಗೇ ಇತ್ತು, ಬೇರೆಯಾದದ್ದು 1997ರಲ್ಲಿ. ಆ ವಿವರಗಳಲ್ಲಿ ಮತ್ತೆ ಮತ್ತೆ ಬರುವುದು ಧೋತರ, ಅಂಗಿ, ಹೆಗಲ ವಸ್ತ್ರ ಮತ್ತು ತಲೆವಸ್ತ್ರ.

ಹೊಲಿಯದ ಬಟ್ಟೆಗೆ ಒಂದು ದೊಡ್ಡ ಗುಣವಿತ್ತು. ಅದಕ್ಕೆ ಅಳತೆ ಇಲ್ಲ. ಜರಿ ಅಂಚಿನ ಒಂದು ಧೋತರವನ್ನು ಅಣ್ಣನ ಮದುವೆಗೆ ಕೊಂಡರೆ ತಮ್ಮನ ಮದುವೆಗೂ ಆಗುತ್ತಿತ್ತು. ಅಪ್ಪ ಉಟ್ಟದ್ದನ್ನು ಮಗ ಉಡಬಹುದಿತ್ತು, ಮೈ ಬಂದರೂ ಬಡವಾದರೂ ನೆರಿಗೆ ಹೆಚ್ಚು ಕಡಿಮೆ ಮಾಡಿಕೊಂಡರೆ ಸಾಕಿತ್ತು. ಮದುವೆಯಲ್ಲಿ ಬೀಗರು, ನೆಂಟರು ಆಯಾರ ಮಾಡುವಾಗ ಧೋತರ, ರುಮಾಲು, ಶಲ್ಯಗಳನ್ನು ಕೊಡುತ್ತಿದ್ದುದರ ಹಿಂದೆ ಈ ಅನುಕೂಲವೂ ಇತ್ತು: ಯಾರಿಗೆ ಕೊಟ್ಟರೂ ಆದೀತು, ಮುಂದಿನ ಆಯಾರಕ್ಕೆ ಮಡಿಕೆ ಬಿಚ್ಚದೆ ಮತ್ತೊಬ್ಬರಿಗೆ ದಾಟಿಸಲೂಬಹುದು. ಅಪರೂಪಕ್ಕೊಮ್ಮೆ ಉಡುವ ಬಟ್ಟೆಗೆ ಹಾಕಿದ ಹಣ ಹೀಗೆ ಹಲವರ ಮೈಮೇಲೆ ಹಂಚಿಹೋಗುತ್ತಿತ್ತು.

ಬದಲಾವಣೆಯ ಮೊದಲ ಹೆಜ್ಜೆ ರೈಲಿನದು. 1876–78ರ ಭೀಕರ ಬರ ಈ ನಾಡನ್ನು ಹಿಂಡಿ ಹಾಕಿದ ಮೇಲೆ, 1880ರ ದಶಕದಲ್ಲಿ ಹೋಟಗಿಯಿಂದ ಬಿಜಾಪುರ, ಬಾಗಲಕೋಟೆ, ಬಾದಾಮಿಗಳ ಮೇಲೆ ಹಾದು ಗದಗಿಗೆ ಹಳಿ ಬಿತ್ತು. ಹೋಟಗಿ ಇರುವುದು ಸೊಲ್ಲಾಪುರದ ಬಗಲಲ್ಲಿ. ಸೊಲ್ಲಾಪುರದಲ್ಲಿ 1877ರಷ್ಟು ಹಿಂದೆಯೇ ನೂಲುವ-ನೇಯುವ ಗಿರಣಿ ಹುಟ್ಟಿತ್ತು. ಇತ್ತ ಗೋಕಾಕದ ಜಲಪಾತದ ಬಳಿ 1887ರಲ್ಲಿ ನೂಲಿನ ಗಿರಣಿ ಶುರುವಾಯಿತು. ಗಿರಣಿಯ ನೂಲು ನೇಕಾರನಿಗೆ ನೆರವಾದರೆ, ಗಿರಣಿಯ ಧೋತರ ಅವನ ಗಿರಾಕಿಯನ್ನು ಕಸಿದುಕೊಂಡಿತು. ಸೀರೆಯ ವಿಷಯದಲ್ಲಿ ಹಾಗಾಗಲಿಲ್ಲ. ಇಳಕಲ್ಲ ಸೀರೆಯ ಮೈಗೆ ಕೆಂಪು ರೇಷ್ಮೆಯ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ಕೆಲಸ, ಟೋಪ ತೆನಿ ಎಂಬ ವಿನ್ಯಾಸದ ಸೆರಗು, ಅಂಚಿನ ಕಸುಬು ಇವೆಲ್ಲ ಯಂತ್ರಕ್ಕೆ ಸುಲಭಕ್ಕೆ ಒಗ್ಗುವಂಥವಲ್ಲ. ಬಿಳಿಯ ಧೋತರಕ್ಕೆ ಅಂಥ ಕೋಟೆ ಇರಲಿಲ್ಲ.

ಎರಡನೆಯ ಹೆಜ್ಜೆ ಹೊಲಿಗೆ ಯಂತ್ರದ್ದು. ಅಮೆರಿಕದಲ್ಲಿ ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಯಂತ್ರ ಕಂತಿನ ಮಾರಾಟದ ಬಲದಿಂದ ಊರೂರು ಸೇರಿತು. ಸೂಜಿ-ದಾರದಲ್ಲಿ ಅಂಗಿ ಹೊಲಿಯುತ್ತಿದ್ದ ಸಿಂಪಿಗರ ಕಟ್ಟೆಯ ಮೇಲೆ ಅದು ಕೂತ ಮೇಲೆ ಕೋಟು ಎಂಬುದು ತಾಲ್ಲೂಕಿನ ಪೇಟೆಯಲ್ಲೂ ಹೊಲಿಸಿಕೊಳ್ಳಬಹುದಾದ ಬಟ್ಟೆಯಾಯಿತು. ಆದರೆ ಕೋಟು ಇಲ್ಲಿಗೆ ಜೋಡಿಯಾಗಿ ಬರಲಿಲ್ಲ. ಮೇಲಿನರ್ಧ ಮಾತ್ರ ಬಂತು. ಕೆಳಗೆ ಕಚ್ಚೆ ಹಾಕಿದ ಧೋತರ, ಮೇಲೆ ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ರುಮಾಲು ಅಥವಾ ಟೊಪ್ಪಿಗೆ. ಮುಂಬೈ ಕರ್ನಾಟಕದ ಮಾಸ್ತರರು, ವಕೀಲರು, ಕಚೇರಿಯ ಕಾರಕೂನರು ಇದನ್ನೇ ತಮ್ಮ ವೇಷ ಮಾಡಿಕೊಂಡರು. ಧಾರವಾಡದ ದ. ರಾ. ಬೇಂದ್ರೆಯವರ ಹಳೆಯ ಚಿತ್ರಗಳಲ್ಲಿ ಕಾಣುವ ಕೋಟು ಈ ಪರಂಪರೆಯದೇ. 1884ರಿಂದ ಮುಂಬೈ ಸರ್ಕಾರದ ಎಂಜಿನಿಯರಾಗಿ ದುಡಿದ ಎಂ. ವಿಶ್ವೇಶ್ವರಯ್ಯನವರು ಪೂರಾ ಸೂಟು ತೊಟ್ಟರೂ ತಲೆಯ ಮೈಸೂರು ಪೇಟ ಬಿಡಲಿಲ್ಲ. ಕೋಟು-ಧೋತರದ ಹೊಂದಿಕೆಯಲ್ಲಿ ಲೆಕ್ಕಾಚಾರದ ಜಾಣತನವೂ ಇತ್ತು. ಒಂದು ಕರಿ ಕೋಟು ಹೊಲಿಸಿದರೆ ಶಾಲೆಯ ತಪಾಸಣೆ, ಕೋರ್ಟಿನ ಕೆಲಸ, ಮಗಳ ಮದುವೆ ಎಲ್ಲಕ್ಕೂ ನಡೆಯುತ್ತಿತ್ತು.

ಸೂಟು ಹುಟ್ಟಿದ ನಾಡಿನಲ್ಲೂ ಅದು ಬಡವನ ಕೈಗೆ ಸಿಕ್ಕದ್ದು ತಡವಾಗಿಯೇ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1666ರ ಅಕ್ಟೋಬರಿನಲ್ಲಿ ಆಸ್ಥಾನಕ್ಕೆ ಉದ್ದ ಕೋಟಿನೊಳಗೆ ವೆಸ್ಟ್ ತೊಡುವ ಪದ್ಧತಿ ತಂದದ್ದನ್ನು ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇಂದಿನ ಸೂಟಿಗೆ ಹತ್ತಿರವಾದ ಗಿಡ್ಡ ಕೋಟಿನ ಲೌಂಜ್ ಸೂಟು ನೆಲೆಯಾದದ್ದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಅದನ್ನು ಕೂಲಿಕಾರರವರೆಗೂ ಇಳಿಸಿದವರಲ್ಲಿ ಮಾಂಟೆಗ್ಯೂ ಬರ್ಟನ್ ದೊಡ್ಡ ಹೆಸರು. ಲಿಥುವೇನಿಯಾದಿಂದ ವಲಸೆ ಬಂದ ಈ ಯಹೂದಿ ವ್ಯಾಪಾರಿ ಲೀಡ್ಸ್ ನಗರದಲ್ಲಿ ಕಟ್ಟಿದ ಕಾರ್ಖಾನೆ, ಅಂಗಡಿಯಲ್ಲಿ ತೆಗೆದ ಅಳತೆಗೆ ರಾಶಿಗಟ್ಟಲೆ ಸೂಟು ಹೊಲಿದು ಕಳಿಸುತ್ತಿತ್ತು. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಸರ್ಕಾರ ಸೇನೆ ಬಿಟ್ಟ ಸಿಪಾಯಿಗಳಿಗೆ ಒಂದೊಂದು ಸೂಟನ್ನೇ ಕೊಟ್ಟು ಮನೆಗೆ ಕಳಿಸಿತು.

ಇಂಗ್ಲೆಂಡಿನಲ್ಲಿ ಸೂಟು ಹೀಗೆ ಹರಡುತ್ತಿದ್ದ ಕಾಲದಲ್ಲೇ ಭಾರತದ ಗಾಳಿ ಎದುರು ದಿಕ್ಕಿಗೆ ಬೀಸುತ್ತಿತ್ತು. 1888ರಲ್ಲಿ ಲಂಡನ್ನಿಗೆ ಓದಲು ಹೋದ ಗಾಂಧೀಜಿ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ಕೊಟ್ಟು ಸಂಜೆಯ ಸೂಟು ಹೊಲಿಸಿದ್ದನ್ನು ಆತ್ಮಕಥೆಯಲ್ಲಿ ತಾವೇ ಹೇಳಿಕೊಂಡಿದ್ದಾರೆ. 1921ರಲ್ಲಿ ಮದುರೈಯಲ್ಲಿ ಅವರು ತುಂಡು ಬಟ್ಟೆಗೆ ಇಳಿದರು. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿ ಬಂದಾಗ ಉತ್ತರ ಕರ್ನಾಟಕ ಅವರನ್ನು ಕಂಡದ್ದು ಆ ವೇಷದಲ್ಲೇ. ಯಂತ್ರಗಳ ಬಗ್ಗೆ ಅಷ್ಟೊಂದು ತಕರಾರಿದ್ದ ಅವರು ಅದೇ ವರ್ಷ ಸಿಂಗರ್ ಹೊಲಿಗೆ ಯಂತ್ರಕ್ಕೆ ಮಾತ್ರ ರಿಯಾಯಿತಿ ಕೊಟ್ಟಿದ್ದರು. ಖಾದಿಯ ಬಿತ್ತನೆ ಈ ನೆಲದಲ್ಲಿ ಚೆನ್ನಾಗಿ ಹುಟ್ಟಿತು. ಬಾಗಲಕೋಟೆ ಹತ್ತಿರದ ತುಳಸಿಗೇರಿ ಇಂದಿಗೂ ರಾಷ್ಟ್ರಧ್ವಜದ ಖಾದಿ ನೇಯುವ ಊರು. ಜಮಖಂಡಿ ಸೀಮೆಯ ಸಾವಳಗಿಯಲ್ಲಿ ಹುಟ್ಟಿದ ಬಿ. ಡಿ. ಜತ್ತಿಯವರು 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾಗಿ ಕೂತಾಗಲೂ ತಲೆಯ ಮೇಲಿನ ಬಿಳಿ ಟೊಪ್ಪಿಗೆ ಇಳಿಸಲಿಲ್ಲ. ಸೂಟಿಲ್ಲದೆಯೂ ಗಣ್ಯನಾಗಬಹುದು ಎಂಬುದಕ್ಕೆ ಆ ತಲೆಮಾರು ಕಣ್ಣೆದುರಿನ ಸಾಕ್ಷಿಯಾಗಿತ್ತು.

ಹಾಗಿದ್ದರೂ ಸೂಟಿನ ಆಸೆ ಬೇರೆ ಬಾಗಿಲಿನಿಂದ ಒಳಬಂತು. ಒಂದು ಬಾಗಿಲು ರಂಗಭೂಮಿ. ಕಮತಗಿಯ ಹೆಸರು ಹೊತ್ತ ಹುಚ್ಚೇಶ್ವರ ನಾಟ್ಯ ಸಂಘವೂ ಸೇರಿ ವೃತ್ತಿ ಕಂಪನಿಗಳು ಜಾತ್ರೆಯಿಂದ ಜಾತ್ರೆಗೆ ಹೊತ್ತು ತಿರುಗಿದ ಸಾಮಾಜಿಕ ನಾಟಕಗಳಲ್ಲಿ ಓದಿದವನು, ಸಾಹುಕಾರ, ಪಟ್ಟಣದಿಂದ ಮರಳಿದ ಮಗ ಇವರ ಗುರುತು ಸೂಟು-ಬೂಟೇ. ಇನ್ನೊಂದು ಬಾಗಿಲು ಸಿನಿಮಾ. 1968ರ ‘ಜೇಡರ ಬಲೆ’ಯಲ್ಲಿ ಡಾ. ರಾಜ್‌ಕುಮಾರ್ ಗೂಢಚಾರನಾಗಿ ಸೂಟು ತೊಟ್ಟು ಬಂದದ್ದು ಕನ್ನಡದ ಹರೆಯದ ಹುಡುಗರಿಗೆ ಹೊಸ ನೋಟ. ಮೂರನೆಯದು ಫೋಟೊ ಸ್ಟುಡಿಯೊ. ಪೇಟೆಯ ಸ್ಟುಡಿಯೊಗಳ ಗೂಟದಲ್ಲಿ ಒಂದು ಕೋಟು, ಗಂಟು ಹಾಕಿಯೇ ಇಟ್ಟ ಒಂದು ಟೈ ನೇತಾಡುತ್ತಿದ್ದವು. ಬಂದವನು ತೊಟ್ಟು, ಫೋಟೊ ತೆಗೆಸಿ, ಬಿಚ್ಚಿ ಗೂಟಕ್ಕೆ ಹಾಕಿ ಹೋಗುತ್ತಿದ್ದ. ಬೆನ್ನಿನ ಕಡೆ ಎಷ್ಟೇ ಸಡಿಲಿದ್ದರೂ ಚಿತ್ರದಲ್ಲಿ ಕಾಣದು. ಸೂಟಿಗೆ ಬಿಡಿಗಾಸೂ ಹಾಕದೆ ಸೂಟಿನ ಗೌರವ ಪಡೆದ ಸಾವಿರಾರು ಗೋಡೆಚಿತ್ರಗಳು ಉತ್ತರ ಕರ್ನಾಟಕದ ಮನೆಗಳಲ್ಲಿ ಹೀಗೆ ಹುಟ್ಟಿದವು.

ಸೂಟು ಕೊಳ್ಳುವ ಕಾಲ ಬಂದದ್ದು ಟೆರಿಲಿನ್ ಎಂಬ ಪಾಲಿಯೆಸ್ಟರ್ ಬಟ್ಟೆಯ ಜೊತೆಗೆ. 1925ರಲ್ಲಿ ಥಾಣೆಯಲ್ಲಿ ಉಣ್ಣೆ ಗಿರಣಿಯಾಗಿ ಶುರುವಾದ ರೇಮಂಡ್ 1958ರಲ್ಲಿ ಮುಂಬೈಯಲ್ಲಿ ತನ್ನ ಮೊದಲ ಮಳಿಗೆ ತೆರೆಯಿತು. ಆದರೆ ಉಣ್ಣೆಯ ಸೂಟು ಹಳ್ಳಿಯ ಜೇಬಿಗೂ ಬಯಲುಸೀಮೆಯ ಬಿಸಿಲಿಗೂ ದೂರದ್ದು. 1960ರ ದಶಕದಲ್ಲಿ ದೇಶದಲ್ಲೇ ತಯಾರಾಗತೊಡಗಿದ ಪಾಲಿಯೆಸ್ಟರ್ ನೂಲು ಟೆರಿಕಾಟ್, ಟೆರಿವುಲ್ ಹೆಸರುಗಳಲ್ಲಿ ಅಂಗಡಿ ತುಂಬಿತು. ಸುಕ್ಕಾಗದ, ಬೇಗ ಒಣಗುವ, ವರ್ಷಾನುಗಟ್ಟಲೆ ಬಣ್ಣ ಬಿಡದ ಈ ಬಟ್ಟೆ ಆಯಾರದ ತಟ್ಟೆಗೂ ಹತ್ತಿತು. ಧೋತರದ ಜಾಗದಲ್ಲಿ ಪ್ಯಾಂಟ್ ಪೀಸು, ಶರ್ಟ್ ಪೀಸು ಬಂದು ಕೂತವು.

ಆಗ ಬಂದದ್ದು ಸಫಾರಿ. ಆಫ್ರಿಕದ ಬೇಟೆಯ, ಬ್ರಿಟಿಷ್ ಸೇನೆಯ ಖಾಕಿ ಉಡುಗೆಯಿಂದ ಬಂದ ಈ ಜೋಡಿ 1970–80ರ ದಶಕಗಳಲ್ಲಿ ಭಾರತದ ಗಂಡಸರಿಗೆ ಕೈಗೆಟುಕುವ ಸೂಟಾಯಿತು. ಕಾರಣ ಅದರ ಹೊಲಿಗೆಯಲ್ಲೇ ಇದೆ. ಸೂಟಿನ ಕೋಟಿಗೆ ಎದೆಯೊಳಗೆ ಕ್ಯಾನ್ವಾಸು, ಭುಜಕ್ಕೆ ಪ್ಯಾಡು, ಮೈತುಂಬ ಅಸ್ತರು ಬೇಕು. ಅದನ್ನು ಕೂರಿಸಲು ನುರಿತ ಕಟಿಂಗ್ ಮಾಸ್ತರ ಬೇಕು. ಸಫಾರಿಗೆ ಇವೊಂದೂ ಬೇಡ. ಟೈ ಬೇಡ, ಒಳಗೆ ಶರ್ಟೂ ಬೇಡ. ಅರ್ಧ ತೋಳು, ನಾಲ್ಕು ಕಿಸೆ, ಅದೇ ಬಟ್ಟೆಯ ಪ್ಯಾಂಟು. ಅಂಗಿ ಹೊಲಿಯಬಲ್ಲ ಊರ ಟೇಲರ್ ಇದನ್ನೂ ಹೊಲಿಯಬಲ್ಲ. ಏಪ್ರಿಲ್-ಮೇ ತಿಂಗಳ ಮದುವೆಗಳಲ್ಲಿ ಸಫಾರಿ ತೊಟ್ಟು, ಹಣೆಗೆ ಬಾಸಿಂಗ ಕಟ್ಟಿಕೊಂಡು ಅಕ್ಕಿಕಾಳಿಗೆ ನಿಂತ ಮದುಮಗ ಆ ದಶಕಗಳ ಆಲ್ಬಂಗಳಲ್ಲಿ ಸಿಗುತ್ತಾನೆ. ಮದುವೆ ಮುಗಿದ ಮೇಲೆ ಅದೇ ಸಫಾರಿ ಆಫೀಸಿಗೂ ಆಯಿತು, ಸಂತೆಗೂ ಆಯಿತು.

ಈ ಚರಿತ್ರೆಯಲ್ಲಿ ನೋವಿನ ಪುಟವೂ ಒಂದಿದೆ. ಗಂಡಿನ ಬಟ್ಟೆ ಹೆಣ್ಣಿನವರದು, ಹೆಣ್ಣಿನ ಸೀರೆ ಗಂಡಿನವರದು ಎಂಬ ಕೊಡುಕೊಳ್ಳುವ ಪದ್ಧತಿ ಹಲವು ಮನೆತನಗಳಲ್ಲಿ ಇತ್ತು. ಧೋತರ-ರುಮಾಲಿನ ಕಾಲದಲ್ಲಿ ಎರಡು ತಟ್ಟೆಗಳೂ ಹೆಚ್ಚು ಕಡಿಮೆ ಸಮ ತೂಗುತ್ತಿದ್ದವು. ಸೂಟು, ಬೂಟು, ಕೈಗಡಿಯಾರ, ಉಂಗುರ ಎಂದು ಪಟ್ಟಿ ಬೆಳೆದಾಗ ಹೆಣ್ಣು ಹೆತ್ತವರ ತಟ್ಟೆ ಭಾರವಾಯಿತು. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಕೇಳಿ ಪಡೆಯುವುದನ್ನು ಅಪರಾಧವೆಂದಿತು, ಒತ್ತಾಯವಿಲ್ಲದೆ ಕೊಡುವ ಉಡುಗೊರೆಗೆ ದಾರಿ ಬಿಟ್ಟಿತು. ಮದುಮಗನ ಸೂಟು ಆ ದಾರಿಯಲ್ಲೇ ನಡೆದು ಬಂತು. ಒಂದೇ ದಿನ ತೊಡುವ ಬಟ್ಟೆಗೆ ಸಾಲ ಮಾಡಿದ ತಂದೆಯ ಕಷ್ಟ ಕಡಿಮೆಯದಲ್ಲ. ಇದಕ್ಕೆ ಗಟ್ಟಿ ಉತ್ತರ ಕೊಟ್ಟದ್ದು ಸಾಮೂಹಿಕ ವಿವಾಹಗಳು. 1972ರಲ್ಲಿ ಧರ್ಮಸ್ಥಳದಲ್ಲಿ ಶುರುವಾದ ಪದ್ಧತಿಯನ್ನು ಉತ್ತರ ಕರ್ನಾಟಕದ ಮಠಗಳೂ ಜಾತ್ರೆಗಳಲ್ಲಿ ನಡೆಸುತ್ತ ಬಂದಿವೆ. ಧರ್ಮಸ್ಥಳದಲ್ಲಿ ವರನಿಗೆ ಪಂಚೆ ಮತ್ತು ಶಲ್ಯ, ವಧುವಿಗೆ ಸೀರೆ, ಕುಬಸ ಹಾಗೂ ಮಂಗಳಸೂತ್ರ. ಅಳತೆಯಿಲ್ಲದ ಬಟ್ಟೆಯಾದ್ದರಿಂದಲೇ ನೂರಾರು ವರರಿಗೆ ಒಂದೇ ದಿನ ಒಂದೇ ಗೌರವದ ಉಡುಗೆ ಕೊಡುವುದು ಸಾಧ್ಯವಾಗಿದೆ.

ಇಂದು ಆರತಕ್ಷತೆಗೆ ಸೂಟು ಇರಲೇಬೇಕೆಂಬ ಮಾತು ಹಳ್ಳಿಗೂ ಬಂದಿದೆ, ಅಗ್ಗದ ಸೂಟೂ ಬಂದಿದೆ. ಅದರ ಹಿಂದೆ ಎರಡು ತಂತ್ರಗಳಿವೆ. ಮೊದಲನೆಯದು ಬಟ್ಟೆ. ಪಾಲಿಯೆಸ್ಟರ್ ಜೊತೆ ವಿಸ್ಕೋಸ್ ಬೆರೆಸಿದ ಸೂಟಿಂಗ್ ಭಿಲ್ವಾರಾದಲ್ಲಿ ಅಪಾರ ಪ್ರಮಾಣದಲ್ಲಿ ತಯಾರಾಗುತ್ತದೆ. 58 ಇಂಚು ಪನ್ನದ, ಎಂದರೆ ಅಗಲದ, ಬಟ್ಟೆಯಾದರೆ ಸಾಧಾರಣ ಮೈಕಟ್ಟಿನವನ ಕೋಟು-ಪ್ಯಾಂಟಿಗೆ ಮೂರರಿಂದ ಮೂರೂಕಾಲು ಮೀಟರು ಸಾಕು. ಎರಡನೆಯದು ಅಂಟಿನ ಒಳಪದರ. ಕೈಯಿಂದ ಕ್ಯಾನ್ವಾಸು ಹೊಲಿಯುವ ಬದಲು ಅಂಟು ಸವರಿದ ಬಟ್ಟೆಯನ್ನು ಬಿಸಿ ಒತ್ತಿ ಕೂರಿಸುತ್ತಾರೆ. ವರ್ಷಕ್ಕೆ ಒಂದೆರಡು ಸಲ ತೊಡುವವನಿಗೆ ಇದು ಸಾಕು. ಆದರೆ ನೀರಿನಲ್ಲಿ ನೆನೆಹಾಕಿ ಒಗೆದರೆ, ಕಾದ ಇಸ್ತ್ರಿ ಒತ್ತಿದರೆ ಅಂಟು ಬಿಟ್ಟು ಎದೆಯ ಮೇಲೆ ಗುಳ್ಳೆಗಳು ಏಳುತ್ತವೆ. ಸಿದ್ಧ ಕೋಟು ಕೊಳ್ಳುವವರು ಭುಜವನ್ನೇ ಮೊದಲು ನೋಡಬೇಕು. ತೋಳಿನ ಉದ್ದ, ಸೊಂಟದ ಸುತ್ತಳತೆಯನ್ನು ಟೇಲರ್ ಸರಿಪಡಿಸಬಲ್ಲ, ಭುಜ ಬಿಚ್ಚುವುದು ಹೊಸ ಕೋಟು ಹೊಲಿದಷ್ಟೇ ಕೆಲಸ. ತೆರಿಗೆಯೂ ಲೆಕ್ಕಕ್ಕೆ ಬರುತ್ತದೆ: 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿ ಒಳಗಿನ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇ 5, ಅದರ ಮೇಲಿನದಕ್ಕೆ ಶೇ 18.

ಮಗ್ಗದ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. 1985ರಲ್ಲಿ ಕೇಂದ್ರ ಸರ್ಕಾರ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯ್ದೆ ತಂದಾಗ ಪಟ್ಟಿಯಲ್ಲಿ ಸೀರೆಯ ಜೊತೆ ಧೋತರವೂ ಇತ್ತು. ಆದರೆ ಆ ಹೊತ್ತಿಗೆ ಧೋತರ ಉಡುವ ಗಂಡಸರ ತಲೆಮಾರೇ ಮುಪ್ಪಾಗಿತ್ತು. ಕಮತಗಿಯಂಥ ಊರುಗಳು ಸೀರೆಯೊಂದನ್ನೇ ನೆಚ್ಚಿಕೊಂಡದ್ದು ಹೀಗೆ. ಸೀರೆಯ ಬೇಡಿಕೆ ಕುಸಿದರೆ ಇಡೀ ಓಣಿಯ ಮಗ್ಗಗಳು ಒಟ್ಟಿಗೇ ನಿಲ್ಲುವ ಅಪಾಯವೂ ಅದರಿಂದಲೇ ಬಂದಿದೆ.

ಗಂಡಸರ ಹಬ್ಬದ ಬಟ್ಟೆಯಲ್ಲಿ ಈ ಮಗ್ಗಗಳಿಗೆ ಮತ್ತೆ ಜಾಗ ಸಿಗುವ ದಾರಿಯೊಂದು ಈಗ ಕಾಣುತ್ತಿದೆ. ತೋಳಿಲ್ಲದ ಜಾಕೆಟ್ಟು ಮದುವೆಗಳಲ್ಲಿ ಸೂಟಿನ ಬದಲಿಗೆ ಬರುತ್ತಿದೆ. ಖಣದ ಬಟ್ಟೆಯಿಂದ ಅದನ್ನು ಹೊಲಿಸಿಕೊಳ್ಳುವವರೂ ಇದ್ದಾರೆ. ಅದಕ್ಕೆ ಬಟ್ಟೆ ಕಡಿಮೆ ಸಾಕು, ಬಿಳಿ ಜುಬ್ಬದ ಮೇಲೂ ಪ್ಯಾಂಟು-ಶರ್ಟಿನ ಮೇಲೂ ತೊಡಬಹುದು, ಬೆನ್ನಿನಲ್ಲಿ ಪಟ್ಟಿ ಇಟ್ಟು ಹೊಲಿದರೆ ಅಣ್ಣ-ತಮ್ಮ ಇಬ್ಬರಿಗೂ ಹೊಂದುತ್ತದೆ. ತೊಡಕು ಇರುವುದು ಪನ್ನದಲ್ಲಿ. ಕುಬಸಕ್ಕೆಂದು ನೇಯುವ ಖಣ ಗಿರಣಿಯ ಸೂಟಿಂಗಿಗಿಂತ ಬಹಳ ಕಿರಿದು, ಸೂಟಿಂಗಿನ ಕಟಿಂಗ್ ಅದಕ್ಕೆ ಹೊಂದದು. ಅಗಲದ ಹಣಿಗೆ ಹೂಡಿ ನೇಯುವ ನೇಕಾರನೂ, ಕಿರಿದಾದ ಪನ್ನಕ್ಕೆ ತಕ್ಕಂತೆ ಕತ್ತರಿ ಆಡಿಸಬಲ್ಲ ಟೇಲರನೂ ಒಂದೇ ಪೇಟೆಯಲ್ಲಿ ಸಿಗಬೇಕು. ಗುಳೇದಗುಡ್ಡ, ಕಮತಗಿ, ಇಳಕಲ್ಲುಗಳಲ್ಲಿ ಇಬ್ಬರೂ ಇದ್ದಾರೆ. ಅವರ ಕೈಗೆ ಮದುವೆ ಸುಗ್ಗಿಗೆ ಮೊದಲೇ ಆರ್ಡರು ಕೊಡುವ ಅಂಗಡಿಕಾರರು ಮುಂದೆ ಬರಬೇಕಾಗಿದೆ.