ಲ್ಯಾಬಿಗೆ ಹೋದ ಅಡುಗೆಮನೆ

ನಮ್ಮ ಶಹಾಬಜಾರದಲ್ಲಿ ಇಸಬಗೋಲ ಅಂದ್ರೆ ಹೊಟ್ಟೆ ಕಟ್ಟಿದಾಗಿನ ಔಷಧಿ. ಅದರ ಮೇಲೆ ಗಿಡ ಬೆಳೆಸ್ತಾರೆ ಅಂತ ನಾನಂದ್ರೆ ಕೇಳಿದವರು ನಗ್ತಾರೆ.

ಟಿಶ್ಯೂ ಕಲ್ಚರ್ ಅಂದ್ರೆ ಗಿಡದ ಚೂರೊಂದನ್ನು ಸೀಸೆಯೊಳಗೆ, ಪೋಷಕಾಂಶದ ಜೆಲ್ಲಿ ಮೇಲಿಟ್ಟು ನೂರಾರು ಸಸಿ ಮಾಡುವ ವಿದ್ಯೆ. ಕಮಲಾಪುರದ ಕೆಂಪು ಬಾಳೆಯಂಥ ಬೀಜವಿಲ್ಲದ ಬೆಳೆಗೆ ಇದು ಅನುಕೂಲ. ಬೇರು ಕಿತ್ತರೆ ಗಿಡವೇ ಹೋಗುವ ಸರ್ಪಗಂಧದಂಥ ಮೂಲಿಕೆಗೆ ಜೀವದಾನ.

1962ರಲ್ಲಿ ಅಮೆರಿಕದಲ್ಲಿ ಮುರಾಶಿಗೆ ಮತ್ತು ಸ್ಕೂಗ್ ತಂಬಾಕಿಗಾಗಿ ರೂಪಿಸಿದ ಪೋಷಕ ಮಿಶ್ರಣವನ್ನೇ ಇಂದಿಗೂ ಹೆಚ್ಚಿನ ಲ್ಯಾಬುಗಳು ಬಳಸ್ತವೆ. 1979ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಲಕ್ಷ್ಮೀ ಸೀತಾ ಮತ್ತು ಸಂಗಡಿಗರು ಶ್ರೀಗಂಧದ ಸಸಿಗಳನ್ನು ಸೀಸೆಯಲ್ಲೇ ಎಬ್ಬಿಸಿದರು. ಆದರೆ ಮಿಶ್ರಣ ಗಟ್ಟಿಯಾಗಲು ಹಾಕುವ ಅಗಾರ್ ದುಬಾರಿ. 1998ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಬಬ್ಬರ್ ಮತ್ತು ಜೈನ್ ಅದರ ಬದಲು ಇಸಬಗೋಲ ಹಾಕಿ ತೋರಿಸಿದರು. ಶುದ್ಧ ಸುಕ್ರೋಸ್ ಬದಲು ಅಂಗಡಿ ಸಕ್ಕರೆ, ಆಟೋಕ್ಲೇವ್ ಬದಲು ಕುಕ್ಕರ್, ಟ್ಯೂಬ್‌ಲೈಟ್ ಬದಲು ಕಿಟಕಿ ಬೆಳಕು ಕೂಡ ನಡೀತದೆ.

ಇದೆಲ್ಲ ಜುಗಾಡ್ ಅಂತ ಮೂಗು ಮುರಿಯೋರು ಒಂದು ತಿಳ್ಕೋಬೇಕು. ಅಗಾರ್ ಕೂಡ ಅಡುಗೆಮನೆಯದ್ದೇ. 1881ರಲ್ಲಿ ಜರ್ಮನಿಯ ಫ್ಯಾನಿ ಹೆಸ್ಸೆ, ಬೇಸಿಗೆಯಲ್ಲೂ ಕರಗದ ತಮ್ಮ ಜೆಲ್ಲಿಯ ಗುಟ್ಟನ್ನು ಬ್ಯಾಕ್ಟೀರಿಯಾ ಬೆಳೆಸುತ್ತಿದ್ದ ಗಂಡನಿಗೆ ಹೇಳಿದರು. ಅಲ್ಲಿಂದ ಅದು ರಾಬರ್ಟ್ ಕಾಖ್ ಲ್ಯಾಬಿಗೆ ಹೋಯ್ತು.

ಸ್ವಚ್ಛತೆಯಲ್ಲಿ ಮಾತ್ರ ಅಗ್ಗದ ದಾರಿ ಇಲ್ಲ. ಒಂದಿಷ್ಟು ಬೂಷ್ಟು ಸಾಕು, ಸೀಸೆ ಕೆಟ್ಟಂತೆ. ಅಷ್ಟು ಶಿಸ್ತು ಇದ್ದರೆ ಕಲಬುರಗಿಯ ಯಾವುದೇ ಕಾಲೇಜಿನ ಪುಟ್ಟ ಕೋಣೆಯಲ್ಲೂ ಸರ್ಪಗಂಧ ಚಿಗುರೀತು. ಕಾಡಿನ ಬೇರು ಕಾಡಿನಾಗೇ ಉಳೀತದ.