ಕ್ರೌಡ್ ಟೆಸ್ಟಿಂಗ್

ಸಂಸ್ಥೆಯ ಹೊರಗಿನ ಬಿಡಿ ಪರೀಕ್ಷಕರಿಂದ, ಅವರವರ ಫೋನು, ಕಂಪ್ಯೂಟರುಗಳಲ್ಲೇ ಸಾಫ್ಟ್‌ವೇರನ್ನು ಪರೀಕ್ಷೆ ಮಾಡಿಸಿಕೊಳ್ಳುವ ಪದ್ಧತಿ. 2007ರಲ್ಲಿ ಸ್ಥಾಪನೆಯಾದ ಯುಟೆಸ್ಟ್ ಇದರ ಮೊದಲ ಕಂಪನಿಗಳಲ್ಲಿ ಒಂದು. 2014ರಲ್ಲಿ ಆ ಕಂಪನಿ ಅಪ್ಲಾಸ್ ಎಂದು ಹೆಸರು ಬದಲಿಸಿತು. ಬೆಂಗಳೂರಿನ 99ಟೆಸ್ಟ್ಸ್ ಇದೇ ಮಾದರಿಯದು. ಕೆಲಸ ಇಂಟರ್ನೆಟ್ ಮೂಲಕವೇ ನಡೆಯುವುದರಿಂದ ಅಹಮದಾಬಾದಿನ ನರೋಡಾದಲ್ಲಿರುವವರೂ ಹುಬ್ಬಳ್ಳಿಯವರೂ ಒಂದೇ ಪರೀಕ್ಷಾ ಸುತ್ತಿನಲ್ಲಿ ಪಾಲ್ಗೊಳ್ಳಬಹುದು.

ಇಂಥ ಕಂಪನಿಗಳಲ್ಲಿ ಹೊಸಬರು ಮೊದಲು ತಮ್ಮ ಸಾಧನಗಳು, ಊರು, ಬಲ್ಲ ಭಾಷೆಗಳ ವಿವರ ತುಂಬಬೇಕು. ಪರೀಕ್ಷೆಗೆ ಆಹ್ವಾನಗಳು ಬರುವುದು ಬಹುಮಟ್ಟಿಗೆ ಇದನ್ನು ನೋಡಿ. ಕನ್ನಡ ಬಲ್ಲವರಿಗೆ ಇಲ್ಲಿ ನಿಜವಾದ ಅನುಕೂಲವಿದೆ. ಹೆಸರಿನ ಜಾಗದಲ್ಲಿ ‘ಲಕ್ಷ್ಮಿ’ ಎಂದು ಟೈಪಿಸಿದಾಗ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಅದನ್ನು ತಪ್ಪೆಂದು ಥಟ್ಟನೆ ಗುರುತಿಸುವವರು ಕನ್ನಡ ಓದುವವರೇ.

ದೋಷ ಕಂಡರಷ್ಟೇ ಸಾಲದು, ವರದಿ ಚೆನ್ನಾಗಿರಬೇಕು. ‘ಆ್ಯಪ್ ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲಿಗೆ ಬೆಲೆಯಿಲ್ಲ. ಯಾವ ಫೋನು, ಯಾವ ಆವೃತ್ತಿ, ಯಾವ ಕ್ರಮದಲ್ಲಿ ಏನೇನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು ಎಂಬುದರ ಜತೆಗೆ ಸ್ಕ್ರೀನ್‌ಶಾಟ್ ಅಥವಾ ವಿಡಿಯೊ ಇರಬೇಕು. ಬೇರೆಯವರು ಆಗಲೇ ಹೇಳಿದ ದೋಷ ಸಾಮಾನ್ಯವಾಗಿ ತಿರಸ್ಕೃತವಾಗುತ್ತದೆ; ಹಾಗಾಗಿ ಹಿಂದಿನ ವರದಿಗಳನ್ನು ಓದಿಯೇ ಬರೆಯುವುದು ಒಳ್ಳೆಯದು.

ಅಭ್ಯಾಸಕ್ಕೆ ಜೊತೆಗಾರರು ಬೇಕು. 2009ರಲ್ಲಿ ಬೆಂಗಳೂರಿನ ಪರೀಕ್ಷಕರು ಆರಂಭಿಸಿದ ವೀಕೆಂಡ್ ಟೆಸ್ಟಿಂಗ್ ಇದಕ್ಕೆ ಉತ್ತಮ ನಿದರ್ಶನ: ವಾರಾಂತ್ಯದಲ್ಲಿ ಆನ್‌ಲೈನಿನಲ್ಲಿ ಸೇರಿ ಒಂದು ಸಾಫ್ಟ್‌ವೇರನ್ನು ಪರೀಕ್ಷಿಸಿ, ಬಳಿಕ ಚರ್ಚಿಸುತ್ತಿದ್ದರು.

ಹಣ ಸಿಗುವುದು ಹೆಚ್ಚಾಗಿ ಅಂಗೀಕೃತ ದೋಷಗಳಿಗೆ, ಇಲ್ಲವೇ ಪೂರೈಸಿದ ಪರೀಕ್ಷೆಗಳಿಗೆ. ತಿಂಗಳ ಸಂಬಳದ ಖಾತರಿಯಿಲ್ಲದ ಕಾರಣ ಆರಂಭದಲ್ಲಿ ಇದನ್ನು ಉಪವೃತ್ತಿಯಾಗಿ ಇಟ್ಟುಕೊಳ್ಳುವುದೇ ಸರಿ. ಈ ಗಳಿಕೆಯನ್ನೂ ಆದಾಯ ತೆರಿಗೆ ರಿಟರ್ನಿನಲ್ಲಿ ತೋರಿಸಬೇಕು.