ಕಟಾವು ಯಂತ್ರ ಮತ್ತು ಮೆಕ್ಕೆಜೋಳದ ತೇವ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಮುಂಗಾರಿಗೆ ಬಿತ್ತಿದ ಮೆಕ್ಕೆಜೋಳ ಅಕ್ಟೋಬರ್-ನವೆಂಬರ್ ವೇಳೆಗೆ ಕೊಯ್ಲಿಗೆ ಬರುತ್ತದೆ. ಆಗ ರಸ್ತೆಯ ಅಂಚಿನಲ್ಲಿ ಒಣಗಲು ಹರಡಿದ ಹಳದಿ ಕಾಳನ್ನು ನೀವು ನೋಡಿರಬಹುದು. ಒಕ್ಕಣೆಗೆ ಯಂತ್ರ ಬಂದ ಮೇಲೂ ಈ ಕೆಲಸ ಏಕೆ ಉಳಿದಿದೆ?

ಮೆಕ್ಕೆಜೋಳದ ತವರು ಮೆಕ್ಸಿಕೊ. ಭಾರತದಲ್ಲಿ ಅಖಿಲ ಭಾರತ ಸುಸಂಘಟಿತ ಮೆಕ್ಕೆಜೋಳ ಯೋಜನೆ 1957ರಲ್ಲಿ ಆರಂಭವಾಯಿತು; 1961ರಲ್ಲಿ ಮೊದಲ ಹೈಬ್ರಿಡ್ ತಳಿಗಳು ಬಿಡುಗಡೆಯಾದವು. ಹಿಂದೆ ತೆನೆ ಮುರಿದು, ರವದಿ ಸುಲಿದು, ಕಣದಲ್ಲಿ ಒಣಗಿಸಿದ ಮೇಲೆಯೇ ಕಾಳು ಬಿಡಿಸುತ್ತಿದ್ದರು. ಕಣವು ಒಕ್ಕುವ ಜಾಗವಷ್ಟೇ ಅಲ್ಲ, ಒಣಗಿಸುವ ಜಾಗವೂ ಆಗಿತ್ತು.

ಕೊಯ್ಯುವ ಮತ್ತು ಒಕ್ಕುವ ಕೆಲಸಗಳನ್ನು ಒಂದುಗೂಡಿಸಿದ ಯಂತ್ರಕ್ಕೆ ಅಮೆರಿಕದ ಹೈರಮ್ ಮೂರ್ 1836ರಲ್ಲಿ ಪೇಟೆಂಟ್ ಪಡೆದ. ಅದು ಗೋಧಿಯಂಥ ಬೆಳೆಗಾಗಿ ರೂಪುಗೊಂಡದ್ದು. ಮೆಕ್ಕೆಜೋಳಕ್ಕೆ ಹೊಂದುವ ಮುಂಭಾಗ ಬಳಕೆಗೆ ಬಂದದ್ದು 1950ರ ದಶಕದಲ್ಲಿ. ಅದರ ಜೋಡಿ ಉರುಳೆಗಳು ದಂಟನ್ನು ಕೆಳಕ್ಕೆ ಎಳೆಯುತ್ತವೆ. ಕಿರಿದಾದ ಸಂದಿಯಲ್ಲಿ ತೂರಲಾರದ ತೆನೆ ಮುರಿದು ಒಳಗೆ ಸಾಗುತ್ತದೆ. ತಿರುಗುವ ಪೀಪಾಯಿ ಕಾಳನ್ನು ಬಿಡಿಸುತ್ತದೆ. ಗಾಳಿ ಮತ್ತು ಜರಡಿ ಹೊಟ್ಟನ್ನು ಬೇರ್ಪಡಿಸುತ್ತವೆ. ಹೀಗೆ ಎಲ್ಲವೂ ಒಂದಾದವು, ಒಣಗಿಸುವುದೊಂದನ್ನು ಬಿಟ್ಟು!

ಉತ್ತರ ಅಮೆರಿಕದಲ್ಲಿ ಮಳೆಯಿಂದ ಕೊಯ್ಲು ತಡವಾದರೆ ಹಿಮ ಬಿದ್ದ ಹೊಲದಲ್ಲೇ ಯಂತ್ರ ಓಡಿಸುವುದುಂಟು. ಹೆಪ್ಪುಗಟ್ಟಿದ ನೆಲ ಯಂತ್ರದ ಭಾರ ತಾಳುತ್ತದೆ. ಆದರೆ ರವದಿಗೆ ಅಂಟಿದ ಹಿಮ ಒಳಗೆ ಕರಗಿದರೆ ಜರಡಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಹಿಮ ಕರಗದಷ್ಟು ಚಳಿಯಿರುವ ವೇಳೆಯನ್ನು ಆರಿಸಿಕೊಳ್ಳುತ್ತಾರೆ. ಆ ಚಳಿಯಲ್ಲಿ ಬೂಷ್ಟು ಬೆಳೆಯದು. ಬೆಳೆ ಸ್ವಲ್ಪ ಕಾಯಬಲ್ಲದು.

ನಮ್ಮಲ್ಲಿ ಆ ಅನುಕೂಲವಿಲ್ಲ. ಹಿಂಗಾರು ಮಳೆಗೆ ನೆನೆದ ಬೆಚ್ಚಗಿನ ತೆನೆ ಆಸ್ಪರ್ಜಿಲಸ್ ಫ್ಲೇವಸ್ ಶಿಲೀಂಧ್ರಕ್ಕೆ ಒಳ್ಳೆಯ ನೆಲೆ. ಅದು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತದೆ. 1974ರಲ್ಲಿ ರಾಜಸ್ಥಾನ ಮತ್ತು ಗುಜರಾತಿನ ಹಳ್ಳಿಗಳಲ್ಲಿ ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದ 397 ಮಂದಿ ಯಕೃತ್ತಿನ ಕಾಯಿಲೆಗೆ ತುತ್ತಾದರು. ಅವರಲ್ಲಿ 106 ಮಂದಿ ಸತ್ತರು. ಅಡುಗೆಯ ಶಾಖಕ್ಕೆ ಈ ವಿಷ ಪೂರ್ತಿ ನಾಶವಾಗುವುದಿಲ್ಲ.

ಶೇ. 25ರಷ್ಟು ತೇವವಿದ್ದರೂ ಯಂತ್ರ ಕಾಳು ಬಿಡಿಸುತ್ತದೆ. ದಾಸ್ತಾನಿಗೆ ಅದು ಶೇ. 14ಕ್ಕಿಂತ ಹೆಚ್ಚಿರಬಾರದು. ಲೆಕ್ಕ ಹಾಕಿ: ಅಂಥ 100 ಕೆಜಿ ಕಾಳಿನಲ್ಲಿ ಒಣ ಭಾಗ 75 ಕೆಜಿ. ತೇವ ಶೇ. 14ಕ್ಕೆ ಇಳಿದಾಗ ಒಟ್ಟು ತೂಕ ಸುಮಾರು 87 ಕೆಜಿ. ಅಂದರೆ 13 ಕೆಜಿ ನೀರು ಹೊರಹೋಗಬೇಕು. ರಸ್ತೆಯ ಮೇಲಿನ ಬಿಸಿಲು ಮಾಡುತ್ತಿರುವುದು ಈ ಕೆಲಸವನ್ನೇ.

ತರಗತಿಯಲ್ಲೇ ಪರೀಕ್ಷಿಸಬಹುದು. ಒಣಗಿದ ಗಾಜಿನ ಬಾಟಲಿಗೆ ಕಾಳು ಮತ್ತು ಚೆನ್ನಾಗಿ ಒಣಗಿಸಿದ ಪುಡಿ ಉಪ್ಪು ಹಾಕಿ, ಮುಚ್ಚಿ, ಕುಲುಕಿ. ಹದಿನೈದು ನಿಮಿಷದ ನಂತರ ಉಪ್ಪು ಗಾಜಿಗೆ ಅಂಟಿಕೊಂಡಿದ್ದರೆ ತೇವ ಸುಮಾರು ಶೇ. 15ಕ್ಕಿಂತ ಹೆಚ್ಚಿದೆ ಎಂದರ್ಥ. ಆ ಕಾಳನ್ನು ಚೀಲಕ್ಕೆ ತುಂಬುವ ಮೊದಲು ಇನ್ನಷ್ಟು ಬಿಸಿಲು ಬೇಕು.